ಗುಡ್ಡ ಹತ್ತೋಕೆ ಯಾವ ಬೈನಾಕ್ಯುಲರ್: 8×42 ಅಥವಾ 10×42?

ಸಂಡೂರಿನ ಗುಡ್ಡಕ್ಕೆ ಹಕ್ಕಿ ನೋಡಲು ಹೊರಟವರ ಪ್ರಶ್ನೆ ಇದು. 8, 10 ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದು; 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಒಂದೇ ಕಂಪನಿಯ ಒಂದೇ ಸರಣಿಯಾದರೆ ಎರಡರ ತೂಕ, ಬೆಲೆ ಹೆಚ್ಚುಕಡಿಮೆ ಒಂದೇ. ದುಡ್ಡಿನ ಲೆಕ್ಕ ಬಿಟ್ಟುಬಿಡಿ.

ಮುಖ್ಯವಾದದ್ದು ಎಷ್ಟು ಜಾಗ ಕಾಣುತ್ತೆ ಅನ್ನೋದು. ಸಂಡೂರಿನಲ್ಲಿ ಮರ, ಪೊದೆ ಜಾಸ್ತಿ. ಪಿಕಳಾರ ಒಂದು ಕಡೆ ನೆಟ್ಟಗೆ ಕೂರಲ್ಲ. 8ರಲ್ಲಿ ನೋಟ ಅಗಲ, ಹಾರಿದ ಹಕ್ಕಿ ಬೇಗ ಸಿಗುತ್ತೆ. ಮುಂಗುಸಿ ದಾರಿ ದಾಟುವಾಗಲೂ ಅಷ್ಟೇ. 10 ಹಿಡಿದು ಹುಡುಕುವಷ್ಟರಲ್ಲಿ ಅದು ಪೊದೆ ಸೇರಿರುತ್ತೆ.

ಕೊಪ್ಪಳ ಜಿಲ್ಲೆಯ ಆನೆಗೊಂದಿ ಕಡೆಗಾದರೆ ಕಥೆ ಬೇರೆ. ಅಲ್ಲಿ ಬರೀ ಬಂಡೆ, ದೂರದ ನೋಟ. ಸಂದಿನಲ್ಲಿ ಕೂತ ಕೊಂಬಿನ ಗೂಬೆ ಬಂಡೆಯ ಬಣ್ಣಕ್ಕೇ ಬೆರೆತಿರುತ್ತೆ. ತಲೆಯ ಮೇಲಿನ ಗರಿಗೊಂಬು, ಕಿತ್ತಳೆ ಕಣ್ಣು ಬಿಡಿಸಿ ನೋಡೋಕೆ 10 ಬೇಕು. ಆದರೆ ಅದರಲ್ಲಿ ಕೈನಡುಕವೂ ಹತ್ತು ಪಟ್ಟು ಕಾಣುತ್ತೆ. ಹತ್ತಿ ಏದುಸಿರು ಬಿಡುವಾಗಲಂತೂ ಎಲ್ಲಾ ಕುಣಿಯುತ್ತೆ. ಮೊಣಕೈಯನ್ನು ಬಂಡೆಗೆ ಊರಿ ನೋಡಿ. ಬೇಸಿಗೆ ಮಧ್ಯಾಹ್ನ ಮಾತ್ರ ಬಂಡೆಯ ಝಳಕ್ಕೆ ಎರಡೂ ಸೋಲುತ್ತವೆ, ನಮ್ಮ ಬಿಸಿಲು ಗೊತ್ತಲ್ವಾ!

ಮೊಲ ಹೊರಬರೋದು ಮುಸ್ಸಂಜೆಗೆ. ಆಗ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ 8ರಲ್ಲಿ ಸುಮಾರು 5.25 ಮಿಲಿಮೀಟರ್, 10ರಲ್ಲಿ 4.2. ವೃತ್ತ ಅಗಲವಾದಷ್ಟೂ ನೋಟ ಬೆಳಕಾಗಿರುತ್ತೆ. ಹೊತ್ತು ಮುಳುಗಿದ ಮೇಲೆ ಈ ವ್ಯತ್ಯಾಸ ತಿಳಿಯುತ್ತೆ.

ಮಕ್ಕಳ ಜೊತೆ ಹೋಗೋದಾದರೆ, ಕಾಡಲ್ಲೇ ಜಾಸ್ತಿ ಓಡಾಡೋದಾದರೆ 8 ತಗೊಳ್ಳಿ. ಕೂತು ದೂರದ ಬಂಡೆ ಕಾಯುವ ತಾಳ್ಮೆ ಇದ್ದರೆ 10. ಕನ್ನಡಕದವರು ಅಂಗಡಿಯಲ್ಲೇ ಕನ್ನಡಕದ ಸಮೇತ ನೋಡಿ. ಅಂಚು ಕಪ್ಪಾಗಿ ಕಂಡರೆ ಆ ಮಾಡೆಲ್ ಬೇಡ.