ಹಳೆಯ ಡೀಸೆಲ್ ಕಾರಿನ ವೈರಿಂಗ್: ಗುಜರಿಯದೋ, ಹೊಸದೋ, ಕೈಯಾರೆ ಕಟ್ಟಿದ್ದೋ?

ವೈರಿಂಗ್ ವಿಷಯದಲ್ಲಿ ಹಳೆಯ ಡೀಸೆಲ್ ಕಾರು ಮಾಲೀಕನನ್ನು ಸುಲಭವಾಗಿ ಯಾಮಾರಿಸುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ವೈರು ಸಡಿಲವಾದರೆ ಕಿಡಿ ತಪ್ಪಿ ತಕ್ಷಣ ದೂರು ಬರುತ್ತದೆ. ಡೀಸೆಲ್ಲಿಗೆ ಕಿಡಿಯೇ ಬೇಡ. ಮೆಕ್ಯಾನಿಕಲ್ ಪಂಪು ಒಮ್ಮೆ ತಿರುಗತೊಡಗಿದರೆ ಅರ್ಧ ವೈರುಗಳು ಕೊಳೆತಿದ್ದರೂ ಗಾಡಿ ಓಡುತ್ತಲೇ ಇರುತ್ತದೆ. ನಾನು ಕೆಲಸ ಮಾಡಿದ ಮರ್ಸಿಡಿಸ್ 300ಡಿ, ಡಬ್ಲ್ಯು123 ಸರಣಿಯ ಐದು ಸಿಲಿಂಡರಿನ ಗಾಡಿ, ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸುವ ಕೆಲಸವೂ ವಿದ್ಯುತ್ತಿನದಲ್ಲ, ನಿರ್ವಾತದ್ದು. ಆದರೆ ಇರುವ ಕೆಲವೇ ವೈರುಗಳು ಹೊರುವ ಕರೆಂಟು ಮಾತ್ರ ಸಣ್ಣದಲ್ಲ. ಹಾಗಾಗಿ ಗುಜರಿ ಗಾಡಿಯ ಹಾರ್ನೆಸ್ (ಕನೆಕ್ಟರುಗಳ ಸಮೇತ ಒಟ್ಟಾಗಿ ಸುತ್ತಿದ ವೈರುಗಳ ಕಟ್ಟು), ಹೊಸದಾಗಿ ತಯಾರಿಸಿದ ಹಾರ್ನೆಸ್, ಕೈಯಾರೆ ಕಟ್ಟಿದ ವೈರಿಂಗ್ ಮೂರನ್ನೂ ಅದೇ ಕಾರಿನ ಬೇರೆ ಬೇರೆ ಭಾಗಗಳಲ್ಲಿ ಬಳಸಿ ನೋಡಿದೆ. ಒಂದೇ ಆಯ್ಕೆಯನ್ನು ಇಡೀ ಗಾಡಿಗೆ ಹೇರುವುದು ಹಣದ ದಂಡ ಎಂದೇ ನನಗೆ ಅನ್ನಿಸಿದ್ದು. ವೈರು ಎಷ್ಟು ಆಂಪಿಯರ್ ಹೊರುತ್ತದೆ, ಎಷ್ಟು ಬಿಸಿಯಲ್ಲಿ, ಎಷ್ಟು ಎಣ್ಣೆಯಲ್ಲಿ ಬದುಕುತ್ತದೆ ಎಂಬುದೇ ಆಯ್ಕೆಯನ್ನು ಹೇಳಿಕೊಡುತ್ತದೆ.

ಗುಜರಿಯ ಹಾರ್ನೆಸ್‌ಗೆ ಎರಡು ಮುಖಗಳಿವೆ. ಡ್ಯಾಶ್‌ಬೋರ್ಡಿನ ಹಿಂದಿನ ಭಾಗವನ್ನು ಬಿಡಿಸಿ ನೋಡಿದರೆ ವೈರು ಇನ್ನೂ ಮೆತ್ತಗಿರುತ್ತದೆ, ಬಣ್ಣದ ಗೆರೆಗಳು ಅಳಿಸಿರುವುದಿಲ್ಲ. ಅದೇ ಹಾರ್ನೆಸ್ಸಿನ ಎಂಜಿನ್ ಕಡೆಯ ತುದಿಯನ್ನು ಬೆರಳಿನಲ್ಲಿ ಬಗ್ಗಿಸಿದರೆ ಹೊದಿಕೆ ಚಟಕ್ಕನೆ ಬಿರಿಯುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಪಿವಿಸಿಯಿಂದ ಅದನ್ನು ಮೆತ್ತಗಿಡುವ ಅಂಶ ಹಾರಿಹೋಗಿರುತ್ತದೆ. ಒಳಗಿನ ತಾಮ್ರದ ಎಳೆಗಳು ಕಪ್ಪಾಗಿರುತ್ತವೆ, ತುದಿಯಲ್ಲಿ ಹಸಿರು ಕಿಲುಬು. ಎಷ್ಟು ಹಿಂದಕ್ಕೆ ಕತ್ತರಿಸಿದರೂ ಕಪ್ಪು ಮುಗಿಯದಿದ್ದರೆ ಆ ವೈರನ್ನು ಬಿಟ್ಟುಬಿಡುವುದೇ ಸರಿ. ಅದಕ್ಕೆ ಬೆಸುಗೆಯೂ ಹಿಡಿಯುವುದಿಲ್ಲ, ಕ್ರಿಂಪೂ (ಲೋಹದ ತುದಿಯನ್ನು ವೈರಿನ ಮೇಲೆ ಒತ್ತಿ ಹಿಡಿಸುವ ಜೋಡಣೆ) ನಿಲ್ಲುವುದಿಲ್ಲ. ಎಂಜಿನ್ ಕೋಣೆಗೆ ಗುಜರಿಯ ವೈರು ಬೇಡವೇ ಬೇಡ. ಕ್ಯಾಬಿನ್ನಿಗೆ ಆಗಬಹುದು. ಅದಕ್ಕಿಂತಲೂ ಅದರ ನಿಜವಾದ ಬೆಲೆ ಕನೆಕ್ಟರುಗಳಲ್ಲಿದೆ: ಈಗ ಬಿಡಿಯಾಗಿ ಸಿಗುವುದು ಕಷ್ಟವಾದ ಪ್ಲಾಸ್ಟಿಕ್ ಕವಚಗಳು, ಸರಿಯಾದ ಬಣ್ಣದ ತುಂಡು ವೈರುಗಳು ಅಲ್ಲಿ ಧಾರಾಳವಾಗಿ ಸಿಗುತ್ತವೆ.

ಹೊಸ ಹಾರ್ನೆಸ್ ಕೈಗೆ ಬಂದಾಗ ಆಗುವ ಸಂತೋಷ ಅದನ್ನು ಜೋಡಿಸುವಾಗ ಸ್ವಲ್ಪ ಕರಗುತ್ತದೆ. ನನಗೆ ಬಂದದ್ದರಲ್ಲಿ ವೈರು, ಟರ್ಮಿನಲ್ ಎಲ್ಲವೂ ಒಳ್ಳೆಯವೇ. ಆದರೆ ಮೂಲದಲ್ಲಿ ಎರಡು ಬಣ್ಣದ ಗೆರೆಯಿದ್ದ ವೈರುಗಳ ಜಾಗದಲ್ಲಿ ಒಂದೇ ಬಣ್ಣ ಬಳಸಿದ್ದರು, ಒಂದು ಕವಲು ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಬಣ್ಣ ಬದಲಾದರೆ ವೈರಿಂಗ್ ನಕ್ಷೆ ಅರ್ಧ ನಿರುಪಯೋಗಿ. ಜರ್ಮನ್ ಗಾಡಿಗಳಲ್ಲಿ ಕಂದು ಎಂದರೆ ಅರ್ಥಿಂಗ್, ಟರ್ಮಿನಲ್ 30 ಎಂದರೆ ಬ್ಯಾಟರಿಯಿಂದ ನೇರ ಪ್ಲಸ್, 15 ಎಂದರೆ ಕೀಲಿ ತಿರುಗಿಸಿದ ಮೇಲೆ ಬರುವ ಪ್ಲಸ್, 50 ಎಂದರೆ ಸ್ಟಾರ್ಟರ್. ಮುಂದೆ ಯಾರೇ ಈ ಗಾಡಿಯನ್ನು ಬಿಚ್ಚಿದರೂ ಇದನ್ನೇ ನಂಬಿ ಕೈ ಹಾಕುತ್ತಾರೆ. ಖರೀದಿಸುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಬಣ್ಣದ್ದು, ಎರಡನೆಯದು ಕವಲುಗಳ ಉದ್ದದ್ದು.

ಕೈಯಾರೆ ಕಟ್ಟುವುದು ಗೆದ್ದದ್ದು, ತಣ್ಣಗಿನ ಎಂಜಿನ್ ಶುರುವಾಗಲು ಸಿಲಿಂಡರುಗಳ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್‌ಗಳ ವೈರಿಂಗಿನಲ್ಲಿ. ಈ ಸರಣಿಯ ಆರಂಭದ ಕಾರುಗಳಲ್ಲಿ ಪ್ಲಗ್‌ಗಳು ಒಂದರ ಹಿಂದೆ ಒಂದು ಸೀರೀಸ್‌ನಲ್ಲಿದ್ದವು. ಒಂದು ಸತ್ತರೆ ಎಲ್ಲವೂ ಸತ್ತಂತೆ. ಆಮೇಲೆ ಬಂದ ಪೆನ್ಸಿಲ್ ಮಾದರಿಯಲ್ಲಿ ರಿಲೇಯಿಂದ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸಿ ನಿಲ್ಲಿಸುವ ಸ್ವಿಚ್ಚಿನಿಂದ) ಒಂದೊಂದು ಪ್ಲಗ್‌ಗೂ ಪ್ರತ್ಯೇಕ ವೈರು ಹೋಗುತ್ತದೆ. ನನ್ನದು ಇದೇ. ಬಿಸಿಯಾದ ಪ್ಲಗ್ ಒಂದೊಂದೂ ಹತ್ತು, ಹದಿನೈದು ಆಂಪಿಯರ್ ಎಳೆಯುತ್ತದೆ, ತಣ್ಣಗಿರುವ ಮೊದಲ ಕ್ಷಣದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ರಿಲೇಯೊಳಗಿನ 80 ಆಂಪಿಯರ್‌ನ ಪಟ್ಟಿ ಫ್ಯೂಸು ಸುಮ್ಮನೆ ಇಟ್ಟದ್ದಲ್ಲ. ಹಳೆಯ ವೈರಿನಲ್ಲಿ ಪ್ಲಗ್ ಉರಿಯುತ್ತಿರುವಾಗ ಮಲ್ಟಿಮೀಟರಿನ ಒಂದು ಮೊನೆ ರಿಲೇ ತುದಿಗೆ, ಇನ್ನೊಂದು ಪ್ಲಗ್ಗಿನ ತಲೆಗೆ ಹಿಡಿದರೆ ಹತ್ತಿರ ಹತ್ತಿರ ಒಂದು ವೋಲ್ಟ್ ದಾರಿಯಲ್ಲೇ ಮಾಯವಾಗಿತ್ತು. ಹನ್ನೊಂದು ವೋಲ್ಟ್ ಸಿಗಬೇಕಾದಲ್ಲಿ ಹತ್ತು ಸಿಕ್ಕಿದರೆ, ಪ್ಲಗ್ಗಿನ ರೋಧ ಒಂದೇ ಎಂದಿಟ್ಟುಕೊಂಡರೂ, ಶಾಖದಲ್ಲಿ ಸುಮಾರು ಆರನೆಯ ಒಂದು ಪಾಲು ಕಡಿತ. ಚಳಿಯ ಬೆಳಗ್ಗೆ ಬಿಳಿ ಹೊಗೆ ಉಗುಳುತ್ತಾ ಎಂಜಿನ್ ನಡುಗುವುದಕ್ಕೆ ಇದೂ ಒಂದು ಕಾರಣ. ಅಂಥ ಹೊತ್ತಿನಲ್ಲಿ ಜನ ಪ್ಲಗ್‌ಗಳನ್ನು ದೂರಿ ಹೊಸ ಪ್ಲಗ್ ಹಾಕಿಸುತ್ತಾರೆ, ವೈರು ಮಾತ್ರ ಹಳೆಯದೇ ಉಳಿಯುತ್ತದೆ.

2.5 ಚದರ ಮಿಲಿಮೀಟರಿನ ಹೊಸ ತಾಮ್ರದ ವೈರು ಒಂದೂಕಾಲು ಮೀಟರ್ ಉದ್ದಕ್ಕೆ ಹನ್ನೆರಡು ಆಂಪಿಯರಿನಲ್ಲಿ ಲೆಕ್ಕದ ಪ್ರಕಾರ ಬರೀ 0.1 ವೋಲ್ಟ್ ತಿನ್ನಬೇಕು; ನನ್ನ ಮೀಟರು ತೋರಿಸಿದ್ದೂ ಹೆಚ್ಚು ಕಡಿಮೆ ಅಷ್ಟೇ. ಪ್ರತ್ಯೇಕ ವೈರುಗಳನ್ನು ಹಾಗೆಯೇ ಉಳಿಸಿಕೊಂಡದ್ದರಿಂದ ಇನ್ನೊಂದು ಅನುಕೂಲವಿದೆ: ರಿಲೇಯ ಕನೆಕ್ಟರನ್ನು ಕಳಚಿ ಒಂದೊಂದೇ ಪಿನ್ನಿನಿಂದ ಗಾಡಿಯ ಲೋಹದ ಮೈಗೆ ಓಮ್ ಅಳೆದರೆ ಸಾಕು. ಒಂದು ಓಮಿಗಿಂತ ಕಡಿಮೆ ಬಂದರೆ ಪ್ಲಗ್ ಜೀವಂತ, ಏನೂ ತೋರದಿದ್ದರೆ ಸತ್ತಿದೆ. ಐದೂ ಪ್ಲಗ್‌ಗಳಿಗೆ ಒಂದೇ ದಪ್ಪ ವೈರು ಎಳೆದು ತಲೆಯಿಂದ ತಲೆಗೆ ಪಟ್ಟಿ ಕಟ್ಟುವ ಪದ್ಧತಿ ನೋಡಲು ಅಚ್ಚುಕಟ್ಟು, ಆದರೆ ಈ ತಪಾಸಣೆಯ ಸುಖ ಅಲ್ಲಿಲ್ಲ.

ಜೋಡಣೆ ಬೆಸುಗೆಯದೋ, ಕ್ರಿಂಪೋ? ಎರಡನ್ನೂ ಮಾಡಿ ನೋಡಿದವನಾಗಿ ನನ್ನ ವೋಟು ಕ್ರಿಂಪಿಗೆ. ಬೆಸುಗೆ ಕರಗಿ ಎಳೆಗಳ ನಡುವೆ ಒಳಕ್ಕೆ ನುಗ್ಗುತ್ತದೆ. ಅದು ನಿಂತ ಕಡೆ ವೈರು ಕಡ್ಡಿಯಾಗುತ್ತದೆ, ಅದರ ಪಕ್ಕದಲ್ಲೇ ಮೆತ್ತಗಿನ ವೈರು. ಡೀಸೆಲ್ ಎಂಜಿನ್ನಿನ ನಡುಕಕ್ಕೆ ಎಳೆಗಳು ಒಂದೊಂದಾಗಿ ತುಂಡಾಗುವುದು ಸರಿಯಾಗಿ ಆ ಗಡಿಯಲ್ಲಿ. ಡ್ಯಾಶ್‌ಬೋರ್ಡಿನಲ್ಲಿ ಅಲುಗಾಡದ ಕಡೆ ಬೆಸುಗೆಯಿಂದ ತೊಂದರೆಯಿಲ್ಲ. ಕ್ರಿಂಪ್ ಎಂದ ಮಾತ್ರಕ್ಕೆ ಇಕ್ಕಳದಲ್ಲಿ ಒತ್ತಿದ್ದೆಲ್ಲ ಕ್ರಿಂಪ್ ಅಲ್ಲ. ರ್‍ಯಾಚೆಟ್ ಉಪಕರಣದಲ್ಲಿ, ವೈರಿಗೆ ತಕ್ಕ ಅಳತೆಯ ಲಗ್ಗಿನಲ್ಲಿ (ವೈರಿನ ತುದಿಗೆ ತೊಡಿಸುವ ಲೋಹದ ತುಂಡಿನಲ್ಲಿ) ಒತ್ತಿದ ಒಂದನ್ನು ಬಲಿಕೊಟ್ಟು ಅಡ್ಡಲಾಗಿ ಗರಗಸದಲ್ಲಿ ಕೊಯ್ದು ನೋಡಿ. ಎಳೆಗಳು ಬೇರೆ ಬೇರೆಯಾಗಿ ಕಾಣದೆ ಒಂದೇ ತಾಮ್ರದ ಗಟ್ಟಿಯಂತಿದ್ದರೆ ಸರಿಯಾಗಿದೆ. ನಡುವೆ ಕಪ್ಪು ಸಂದುಗಳು ಕಂಡರೆ ಲಗ್ ದೊಡ್ಡದಾಯಿತು. ಅದರ ಮೇಲೆ, ಒಳಬದಿಗೆ ಅಂಟು ಬಳಿದ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಬೇಕು. ಅಂಟಿಲ್ಲದ್ದು ಬಿಗಿಯಾಗಿ ಕಂಡರೂ ತೇವವನ್ನು ತಡೆಯುವುದಿಲ್ಲ.

ವೈರಿನ ಹೊದಿಕೆಯಲ್ಲೂ ಸ್ಪರ್ಧೆಯಿದೆ. ವಾಹನಗಳಿಗೆಂದೇ ಬರುವ ಸಾಮಾನ್ಯ ಪಿವಿಸಿ ವೈರು 105 ಡಿಗ್ರಿ ಸೆಲ್ಸಿಯಸ್ ತಾಳುತ್ತದೆ, ಎಕ್ಸ್‌ಎಲ್‌ಪಿಇ (ಬಿಸಿಯನ್ನು ಹೆಚ್ಚು ತಾಳುವ ಒಂದು ಬಗೆಯ ಪ್ಲಾಸ್ಟಿಕ್) ಹೊದಿಕೆಯದು 125. ಪ್ಲಗ್‌ಗಳಿರುವ ಬದಿಯಲ್ಲಿ ಇಂಜೆಕ್ಟರುಗಳ ಮೇಲಿನ ಪುಟ್ಟ ರಿಟರ್ನ್ ಕೊಳವೆಗಳು ಡೀಸೆಲ್ ಜಿನುಗಿಸುವುದು ಈ ಎಂಜಿನ್ನಿನ ಹಳೆಯ ಚಾಳಿ, ಆ ಡೀಸೆಲ್ಲಿಗೂ ಎಕ್ಸ್‌ಎಲ್‌ಪಿಇ ಹೆಚ್ಚು ಜಗ್ಗುವುದಿಲ್ಲ. ಅಲ್ಲಿ ಅದನ್ನೇ ಹಾಕಿದೆ, ಉಳಿದೆಡೆ ಪಿವಿಸಿ. ಅಗ್ಗದ ವೈರುಗಳಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ ಬರುತ್ತದೆ, ಅದರ ವಾಹಕತೆ ತಾಮ್ರದ ಮೂರರಲ್ಲಿ ಎರಡು ಪಾಲೂ ಇರುವುದಿಲ್ಲ. ಚಾಕುವಿನಿಂದ ಒಂದು ಎಳೆಯನ್ನು ಕೆರೆದರೆ ಬೆಳ್ಳಗಿನ ಗುಟ್ಟು ಹೊರಬೀಳುತ್ತದೆ. ತವರ ಲೇಪಿಸಿದ ಒಳ್ಳೆಯ ತಾಮ್ರವೂ ಹೊರಗೆ ಬೆಳ್ಳಗಿರುತ್ತದೆ, ಕೆರೆದಾಗ ಕೆಂಪಾದರೆ ಹೆದರಬೇಕಿಲ್ಲ.

ಫ್ಯೂಸ್ ಪೆಟ್ಟಿಗೆಯ ಬಗ್ಗೆ ವಾದಗಳು ಮುಗಿಯುವುದೇ ಇಲ್ಲ. ಈ ಕಾರಿನದು ಎರಡು ತುದಿ ಚೂಪಾದ, ಪಿಂಗಾಣಿಯಂಥ ಹಳೆಯ ಫ್ಯೂಸುಗಳು: ಬಿಳಿ 8 ಆಂಪಿಯರ್, ಕೆಂಪು 16. ಅವುಗಳಲ್ಲಿ ಅಲ್ಯೂಮಿನಿಯಮ್ ಪಟ್ಟಿಯವು ಮೇಲೆ ಆಕ್ಸೈಡ್ ಪೊರೆ ಕಟ್ಟಿಕೊಂಡು ನೋಡಲು ಸರಿಯಿದ್ದರೂ ಕರೆಂಟ್ ಬಿಡದೆ ಸತಾಯಿಸುತ್ತವೆ. ಬೆರಳಿನಿಂದ ಅಲ್ಲೇ ತಿರುಗಿಸಿದರೆ ದೀಪ ಹತ್ತಿಕೊಳ್ಳುವ ಚಮತ್ಕಾರ ಈ ಕಾರಿನವರಿಗೆಲ್ಲ ಗೊತ್ತು. ತಾಮ್ರದ ಪಟ್ಟಿಯ ಫ್ಯೂಸು ಹಾಕಿ, ಹಿಡಿಕೆಗಳನ್ನು ಉಜ್ಜಿ, ಸ್ವಲ್ಪ ಒಳಕ್ಕೆ ಬಗ್ಗಿಸಿದ ಮೇಲೆ ಆ ಚಮತ್ಕಾರದ ಅಗತ್ಯ ಬೀಳಲಿಲ್ಲ. ಚಪ್ಪಟೆ ಕಾಲುಗಳ ಬ್ಲೇಡ್ ಫ್ಯೂಸಿನ ಹೊಸ ಪೆಟ್ಟಿಗೆ ಹಿಡಿತದಲ್ಲಿ ನಿಸ್ಸಂಶಯವಾಗಿ ಮೇಲು. ಆದರೆ ಅದಕ್ಕಾಗಿ ಮೂಲ ವೈರುಗಳನ್ನು ಕತ್ತರಿಸಬೇಕು. ಹಳೆಯ ಪೆಟ್ಟಿಗೆ ಬಿಸಿಗೆ ಕರಗಿದ್ದರೆ ಮಾತ್ರ ಆ ದಾರಿ ಹಿಡಿಯುವೆ.

ಸುತ್ತುವುದಕ್ಕೆ ಬಟ್ಟೆಯ ಟೇಪು. ಹೊಳೆಯುವ ಪಿವಿಸಿ ಟೇಪು ಬಿಸಿಗೆ ಅಂಟು ಬಿಟ್ಟು ಕೈಗೆಲ್ಲ ಮೆತ್ತಿಕೊಳ್ಳುತ್ತದೆ.

ಚಾರ್ಜಿಂಗ್ ಸೂಚಕದ ಬಲ್ಬನ್ನು ಎಲ್‌ಇಡಿಗೆ ಬದಲಿಸುವ ಚಪಲ ಹಲವರಿಗಿದೆ. ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಮೊದಲ ಕರೆಂಟು ಆ ಬಲ್ಬಿನ ಮೂಲಕವೇ ಹೋಗುತ್ತದೆ. ಎಲ್‌ಇಡಿ ಬಿಡುವ ಕರೆಂಟು ಅದಕ್ಕೆ ಸಾಲುವುದಿಲ್ಲ. ಪಕ್ಕದಲ್ಲಿ ರೆಸಿಸ್ಟರ್ ಕಟ್ಟದಿದ್ದರೆ ಚಾರ್ಜ್ ಆಗದೆ ಉಳಿಯಬಹುದು. ಹಳೆಯ ತಂತಿಯ ಬಲ್ಬೇ ಇರಲಿ.

ಇಷ್ಟೆಲ್ಲ ಹೇಳಿದ್ದು ಮೆಕ್ಯಾನಿಕಲ್ ಪಂಪಿನ ಗಾಡಿಗೆ. ಎಲೆಕ್ಟ್ರಾನಿಕ್ ನಿಯಂತ್ರಣದ ಡೀಸೆಲ್ಲಾದರೆ ಲೆಕ್ಕ ತಿರುಗಿಬೀಳುತ್ತದೆ. ಅಲ್ಲಿ ಸೆನ್ಸರುಗಳ ಸಂಕೇತಗಳು ಸೂಕ್ಷ್ಮ, ಕೆಲವು ವೈರುಗಳು ಹೆಣೆದ ಜೋಡಿಗಳು, ಕೆಲವಕ್ಕೆ ಸುತ್ತಲೂ ಕವಚ. 1990ರ ದಶಕದ ಮೊದಲ ಭಾಗದ ಕೆಲವು ಮರ್ಸಿಡಿಸ್ ಎಂಜಿನ್‌ಗಳ ಹಾರ್ನೆಸ್ಸಿನಲ್ಲಂತೂ ಹೊದಿಕೆ ಉದ್ದಕ್ಕೂ ಪುಡಿಯಾಗುತ್ತದೆ, ಜೋಡಿಸಲು ಗಟ್ಟಿಯಾದ ತುದಿಯೇ ಸಿಗುವುದಿಲ್ಲ. ಅಂಥ ಗಾಡಿಗೆ ಕೈಯಾರೆ ಕಟ್ಟುವ ಉತ್ಸಾಹ ಬಿಟ್ಟು, ಬಣ್ಣ ಮತ್ತು ಉದ್ದ ಖಾತ್ರಿ ಮಾಡಿಕೊಂಡು ಹೊಸ ಹಾರ್ನೆಸ್ಸನ್ನೇ ತರಿಸಿ.