ಒಂದೇ ಎಲೆ, ಮೂರು ಸಾರ: ಕಾಡು ಥೈಮ್ ಪರೀಕ್ಷೆ

ಕಾಡು ಥೈಮ್ ಎಂಬ ಸುವಾಸನೆಯ ಮೂಲಿಕೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಒಳ್ಳೆಯ ಆಂಟಿಆಕ್ಸಿಡೆಂಟ್ (ಜೀವಕೋಶ ಕೆಡಿಸುವ ಫ್ರೀ ರ್ಯಾಡಿಕಲ್ ಕಣಗಳನ್ನು ತಣಿಸುವ ವಸ್ತು) ಕೂಡ ಹೌದು ಎಂದು ಒಂದೇ ಉಸಿರಿನಲ್ಲಿ ಹೇಳುವುದನ್ನು ಕೇಳಿರುತ್ತೀರಿ, ಅಲ್ವಾ? ಅದರ ಯಾವ ಸಾರ ಎಂಬುದು ಮಾತ್ರ ಆ ಮಾತಿನಲ್ಲಿ ಇರುವುದಿಲ್ಲ. ಅದಕ್ಕೇ ಒಂದೇ ಚೀಲದ ಒಣ ಎಲೆಯಿಂದ ಲ್ಯಾಬ್‌ನಲ್ಲಿ ಮೂರು ಬಗೆ ತಯಾರಿಸಿದೆ: ಬಿಸಿನೀರಿನ ಕಷಾಯ, 70% ಎಥನಾಲ್‌ನಲ್ಲಿ ನೆನೆಸಿದ ಸಾರ, ನೀರಲ್ಲಿ ಕುದಿಸಿ ಬಟ್ಟಿ ಇಳಿಸಿದ ಎಣ್ಣೆ.

ಬ್ಯಾಕ್ಟೀರಿಯಾ ವಿಷಯದಲ್ಲಿ ಎಣ್ಣೆಗೆ ಸಾಟಿಯೇ ಇರಲಿಲ್ಲ. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ, ಎಣ್ಣೆ ಹಾಕಿದ 6 ಮಿ.ಮೀ. ಕಾಗದದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಅಗಲವಾದ ಖಾಲಿ ಉಂಗುರ ಮೂಡಿತು. ಎಣ್ಣೆಯಲ್ಲಿರುವ ಥೈಮಾಲ್, ಕಾರ್ವಕ್ರಾಲ್ ಎಂಬ ಸುವಾಸನೆಯ ವಸ್ತುಗಳು ಬ್ಯಾಕ್ಟೀರಿಯಾದ ಪೊರೆಯೊಳಗೆ ಸೇರಿಕೊಂಡು ಅದನ್ನು ಸೋರುವಂತೆ ಮಾಡುತ್ತವೆ. ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ತಟ್ಟೆಯಲ್ಲಿ ಉಂಗುರ ಚಿಕ್ಕದು. ಅದಕ್ಕೆ ಹೊರಗೆ ಇನ್ನೊಂದು ಪೊರೆ ಇದೆ, ಎಣ್ಣೆಯಂಥದ್ದನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಎಲ್ಲ ಕಾಡು ಥೈಮ್ ಎಣ್ಣೆಯೂ ಹೀಗೇ ಇರುತ್ತದೆ ಎಂದುಕೊಳ್ಳಬೇಡಿ. ಕೆಲವು ಗಿಡಗಳಲ್ಲಿ ಥೈಮಾಲ್ ಕಮ್ಮಿ, ಜೆರೇನಿಯಾಲ್ ಅಥವಾ ಲಿನಲೂಲ್ ಎಂಬ ಬೇರೆ ಸುವಾಸನೆಯ ವಸ್ತು ಜಾಸ್ತಿ.

ಕಷಾಯದ ಬಿಲ್ಲೆಯ ಸುತ್ತ ಏನೂ ಇರಲಿಲ್ಲ. ಎಥನಾಲ್ ಸಾರ ಮೊದಲ ಸಲ ಒಳ್ಳೆಯ ಉಂಗುರ ಕೊಟ್ಟಿತು, ತುಂಬಾ ಖುಷಿಪಟ್ಟೆ. ಆಮೇಲೆ ನೋಡಿದರೆ ಬರೀ ಎಥನಾಲ್ ಹಾಕಿದ ಬಿಲ್ಲೆಯ ಸುತ್ತಲೂ ಉಂಗುರ! ಬಿಲ್ಲೆಗಳು ಪೂರ್ತಿ ಒಣಗಿರಲಿಲ್ಲ, ಉಳಿದ ಎಥನಾಲೇ ಬ್ಯಾಕ್ಟೀರಿಯಾ ತಡೆದಿತ್ತು. ಒಣಗಿಸಿ ಮತ್ತೆ ಮಾಡಿದಾಗ ಉಳಿದದ್ದು ತೆಳ್ಳನೆಯ ಗೆರೆಯಷ್ಟೇ. ಎಣ್ಣೆಯ ಬಿಲ್ಲೆಗೆ ಬೇರೆ ತಟ್ಟೆಯನ್ನೇ ಕೊಡಬೇಕು, ಇದನ್ನೂ ಆಗಲೇ ಕಲಿತೆ. ಅದರ ಆವಿಯೇ ಪಕ್ಕದ ಬಿಲ್ಲೆಗಳ ಫಲಿತಾಂಶ ಕೆಡಿಸುತ್ತದೆ.

ಆಂಟಿಆಕ್ಸಿಡೆಂಟ್ ಪರೀಕ್ಷೆಯಲ್ಲಿ ಆಟವೇ ತಿರುಗಿತು. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಸಾರ ಬೆರೆಸಿ, 30 ನಿಮಿಷ ಕತ್ತಲಲ್ಲಿಟ್ಟು, 517 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ ಬಣ್ಣ ಎಷ್ಟು ಉಳಿದಿದೆ ಎಂದು ಅಳೆಯಬೇಕು. ಬಣ್ಣ ಹಳದಿಗೆ ತಿರುಗಿದಷ್ಟೂ ಸಾರದ ಆಂಟಿಆಕ್ಸಿಡೆಂಟ್ ಶಕ್ತಿ ಹೆಚ್ಚು ಎಂದರ್ಥ. ಎಥನಾಲ್ ಸಾರ ಎಲ್ಲಕ್ಕಿಂತ ಮುಂದೆ, ಕಷಾಯ ಅದರ ಬೆನ್ನಿಗೇ. ಎಣ್ಣೆ ನಿಧಾನವಾಗಿ, ಅರ್ಧಂಬರ್ಧ ಬಣ್ಣ ಬದಲಿಸಿತು. ಇಲ್ಲಿ ಹೆಚ್ಚಿನ ಕೆಲಸ ಎಲೆಯಲ್ಲಿರುವ ರೋಸ್ಮರಿನಿಕ್ ಆಮ್ಲದಂಥ, ಫೀನಾಲ್ ಎಂಬ ಗುಂಪಿನ ವಸ್ತುಗಳದ್ದು. ಅವು ನೀರು, ಎಥನಾಲ್‌ಗೆ ಇಳಿಯುತ್ತವೆ, ಆವಿಯ ಜೊತೆ ಏಳುವುದಿಲ್ಲ.

ಹಾಗಾದರೆ ಬಟ್ಟಿ ಇಳಿಸಿದ ಮೇಲೆ ಅವು ಎಲ್ಲಿರಬೇಕು? ಫ್ಲಾಸ್ಕ್‌ನ ತಳದಲ್ಲಿ ಉಳಿದ ಕಂದು ನೀರಿನಲ್ಲೇ! ಮೊದಲ ಸಲ ಅದನ್ನು ಸುಮ್ನೆ ಚೆಲ್ಲಿದ್ದೆ. ಎರಡನೇ ಸಲ ಸೋಸಿ ಡಿಪಿಪಿಎಚ್‌ಗೆ ಹಾಕಿದೆ. ನೇರಳೆ ಬಣ್ಣ ಕಣ್ಣೆದುರೇ ಹಳದಿಯಾಯಿತು. ಈಗ ಎಣ್ಣೆ ತೆಗೆದ ದಿನ ಆ ನೀರಿಗೂ ಒಂದು ಬಾಟಲಿ, ಒಂದು ಲೇಬಲ್.