ಮಲೆನಾಡಿಗೆ ಹಳೇ ಎಸ್-ಕ್ಲಾಸ್: ಯಾವ ವರ್ಷದ್ದು ನೋಡಬೇಕು? ಆರು ವರ್ಷ ಓಡಿಸಿದ ಮೇಲಿನ ಮಾತು

ಗಾಡಿ: ಮರ್ಸಿಡಿಸ್-ಬೆಂಜ್ ಎಸ್ 350 ಸಿಡಿಐ, 2011ರದ್ದು. ತಗೊಂಡಿದ್ದು 2019ರ ಅಕ್ಟೋಬರ್‌ನಲ್ಲಿ, ಆಗ 71 ಸಾವಿರ ಕಿ.ಮೀ. ಓಡಿತ್ತು. ಈಗ 1 ಲಕ್ಷ 38 ಸಾವಿರ.

ತೀರ್ಥಹಳ್ಳಿ ಪಕ್ಕದ ಅಡಿಕೆ ತೋಟದವನಿಗೆ ಐದು ಮೀಟರ್ ಉದ್ದದ ಕಾರು ಯಾಕೆ ಅಂತ ಮಂಡಿಯಲ್ಲಿ ಕೇಳದವರಿಲ್ಲ. ಕಾರಣ ಅಪ್ಪಯ್ಯನ ಬೆನ್ನು. ಆಪರೇಷನ್ ಆದಮೇಲೆ ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಕರೆದೊಯ್ಯಬೇಕಿತ್ತು. ಮನೆಯ ಜೀಪಿನಲ್ಲಿ ಹೆಬ್ರಿ ಮುಟ್ಟುವಷ್ಟರಲ್ಲಿ ಅವರು ಮುಷ್ಟಿ ಬಿಗಿಹಿಡಿದು ಕೂತಿರುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ. ಈ ಕಾರಿನಲ್ಲಿ ಮೊದಲ ಸಲ ಹೋದಾಗ ಘಾಟಿಯ 14 ತಿರುವು ಮುಗಿಸಿ ಕನ್ನಡಿಯಲ್ಲಿ ನೋಡಿದೆ, ನಿದ್ದೆ ಮಾಡುತ್ತಿದ್ದರು. ಹೊಸ ಎಸ್-ಕ್ಲಾಸ್ ನಮ್ಮ ಕೈಗೆ ಎಟುಕುವುದಲ್ಲ. ಎಂಟು ವರ್ಷ ಹಳೆಯದು, ಒಂದು ಹೊಸ ಸಾಧಾರಣ ಎಸ್‌ಯುವಿಯ ಬೆಲೆಗೆ ಸಿಕ್ಕಿತು.

ಈಗ ವರ್ಷದ ವಿಚಾರ. ನಾಲ್ಕು ತಿಂಗಳು ಹುಡುಕಿದ ಮೇಲೆ ನನಗೆ ಗಟ್ಟಿಯಾಗಿದ್ದು ಇಷ್ಟು: ಯಾವುದೇ ತಲೆಮಾರಿನ ಮೊದಲ ವರ್ಷಗಳ ಗಾಡಿ ಬೇಡ, ಕೊನೆಯ ವರ್ಷಗಳದ್ದು ನೋಡಿ. ಡಬ್ಲ್ಯು221 ಅನ್ನುವ ನನ್ನ ಗಾಡಿಯ ತಲೆಮಾರು ಬಂದಿದ್ದು 2005ರ ಕೊನೆಗೆ, ನಿಂತಿದ್ದು 2013ರಲ್ಲಿ. ನಡುವೆ 2009ರಲ್ಲಿ ಫೇಸ್‌ಲಿಫ್ಟ್, ಅಂದರೆ ಅದೇ ಮಾದರಿಗೆ ಒಂದಷ್ಟು ತಿದ್ದುಪಡಿ, ಆಯಿತು. ಆರಂಭದ ವರ್ಷಗಳ ಪೆಟ್ರೋಲ್ ವಿ6ನಲ್ಲಿ (ಎರಡು ಸಾಲಿನಲ್ಲಿ ಆರು ಸಿಲಿಂಡರ್ ಇರುವ ಇಂಜಿನ್) ಅದುರುವುದನ್ನು ತಡೆಯುವ ಬ್ಯಾಲೆನ್ಸ್ ಶಾಫ್ಟಿನ ಹಲ್ಲು ಬೇಗ ಸವೆಯುತ್ತಿತ್ತು. ಅದನ್ನು ಸರಿಮಾಡಲು ಇಂಜಿನ್ನನ್ನೇ ಕೆಳಗಿಳಿಸಬೇಕು. ನೋಡಲು ಚೆನ್ನಾಗಿದ್ದ ಒಂದು 2007ರ ಗಾಡಿಯನ್ನು ನಾನು ಬಿಟ್ಟಿದ್ದು ಇದೇ ಕಾರಣಕ್ಕೆ. ಅದಕ್ಕೂ ಹಿಂದಿನ ಡಬ್ಲ್ಯು220 ಎಷ್ಟೇ ಅಗ್ಗವಾಗಿ ಸಿಕ್ಕರೂ ನಮ್ಮ ಕಡೆಗೆ ಬೇಡ. ತುಕ್ಕಿಗೆ ಹೆಸರಾದ ಗಾಡಿ ಅದು, ಆಗುಂಬೆ ಮಳೆಯಲ್ಲಿ ಉಳಿಯುವುದಿಲ್ಲ.

ಹಾಗಾಗಿ 2010ರಿಂದ 2013ರ ನಡುವಿನ ಡೀಸೆಲ್. 2987 ಸಿಸಿಯ ವಿ6. ಇದರಲ್ಲೂ ಒಂದು ಗಮನಿಸಬೇಕು: ಆಯಿಲ್ ಕೂಲರಿನ ಸೀಲು ಇಂಜಿನ್ನಿನ ಎರಡು ಸಾಲಿನ ನಡುವಿನ ಕಣಿವೆಯಲ್ಲಿ ಕೂತಿರುತ್ತದೆ. ಸೀಲಿನ ಬೆಲೆ ಕೆಲವೇ ನೂರು ರೂಪಾಯಿ, ಅಲ್ಲಿಗೆ ಕೈ ತಲುಪಬೇಕಾದರೆ ಮೇಲಿನ ಅರ್ಧ ಇಂಜಿನ್ ಬಿಚ್ಚಬೇಕು. ಸೋರುವ ತನಕ ಕಾಯದೆ ಒಂದು ಲಕ್ಷ ಕಿ.ಮೀ. ಹೊತ್ತಿಗೆ ಬದಲಾಯಿಸಿಬಿಟ್ಟೆ. ಕೊಳ್ಳುವಾಗ ಈ ಕೆಲಸ ಆಗಿದೆಯಾ ಅಂತ ಸರ್ವೀಸ್ ದಾಖಲೆಯಲ್ಲಿ ಹುಡುಕಿ.

ಮಾದರಿಯ ವರ್ಷದಷ್ಟೇ ಮುಖ್ಯ ಕಾಗದದ ವರ್ಷ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಅಲ್ಲಿನ ದೊಡ್ಡ ಡೀಸೆಲ್ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಬರತೊಡಗಿದವು. ಬೆಲೆ ನೋಡಿ ಮರುಳಾಗಬೇಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಬೇಕು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು, ಎಸ್-ಕ್ಲಾಸಿಗೆ ಅದು ಸಣ್ಣ ಮೊತ್ತವಲ್ಲ. ನಾನು ಬೆಂಗಳೂರಿನ ಕೆಎ ನಂಬರಿನದ್ದನ್ನೇ ಸ್ವಲ್ಪ ಹೆಚ್ಚು ಕೊಟ್ಟು ತಗೊಂಡೆ. ತಯಾರಾದ ವರ್ಷ ಮತ್ತು ನೋಂದಣಿಯಾದ ವರ್ಷ ಎರಡನ್ನೂ ಆರ್‌ಸಿಯಲ್ಲಿ ಓದಿ. ಟೈರಿನ ಪಕ್ಕದ ನಾಲ್ಕು ಅಂಕಿಯನ್ನೂ ನೋಡಿ, 2311 ಅಂತಿದ್ದರೆ 2011ರ 23ನೇ ವಾರದ್ದು. ನಾನು ನೋಡಿದ ಒಂದು ಗಾಡಿಯಲ್ಲಿ "ಮೂವತ್ತೇ ಸಾವಿರ ಓಡಿದೆ ಸಾರ್" ಅಂದರು. ಟೈರು ಆಗಲೇ ಎರಡನೇ ಜೋಡಿ, ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿತ್ತು. ವಾಪಸ್ ಬಂದೆ.

ಇನ್ನು ಮಲೆನಾಡಿನಲ್ಲಿ ಸಾಕುವುದು. ಸ್ಪ್ರಿಂಗಿನ ಬದಲು ಗಾಳಿಯ ಬಲೂನಿನ ಮೇಲೆ ಗಾಡಿ ಕೂರುವ ಏರ್ ಸಸ್ಪೆನ್ಷನ್ ಇರುವುದರಿಂದಲೇ ಅಪ್ಪಯ್ಯನಿಗೆ ನಿದ್ದೆ ಬರುವುದು, ಗುಂಡಿ ಒತ್ತಿದರೆ ಗಾಡಿ ಮೇಲೇಳುವುದರಿಂದಲೇ ನಮ್ಮ ಮನೆಯ ದಾರಿ ಹತ್ತುವುದು. ಆದರೆ ಅದರ ಬಲೂನು ರಬ್ಬರಿನದ್ದು, ರಬ್ಬರಿಗೆ ಆಯಸ್ಸಿದೆ. ನಮ್ಮ ಜಲ್ಲಿ-ಕೆಸರಿನ ದಾರಿಗೆ ಮುಂದಿನ ಬಲಗಡೆಯದ್ದು 2021ರಲ್ಲಿ ಸೋರಿತು. ಬೆಳಿಗ್ಗೆ ನೋಡಿದರೆ ಗಾಡಿ ಒಂದು ಮೂಲೆಗೆ ಕುಸಿದು ಕೂತಿತ್ತು. ಹೀಗೆ ಕಂಡ ದಿನವೇ ರಿಪೇರಿಗೆ ಕೊಡಿ. ತಡಮಾಡಿದರೆ ಗಾಳಿ ತುಂಬುವ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ, ಖರ್ಚು ಎರಡಾಗುತ್ತದೆ. ಕೊಳ್ಳುವ ಮೊದಲು ಮಾರುವವರ ಮನೆಗೆ ಬೆಳಿಗ್ಗೆ ಹೋಗಿ, ರಾತ್ರಿಯಿಡೀ ನಿಂತ ಗಾಡಿ ನಾಲ್ಕೂ ಮೂಲೆ ಸಮ ಇದೆಯಾ ಅಂತ ಸ್ಟಾರ್ಟ್ ಮಾಡುವ ಮುಂಚೆ ನೋಡಿ.

ಇಲಿಯ ಕಾಟ ದೊಡ್ಡದು. 2020ರ ಮಳೆಗಾಲದಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಒಂದಾದ ಮೇಲೊಂದು ಎಚ್ಚರಿಕೆ ದೀಪ ಹತ್ತಿತು. ಕರಾವಳಿಯ ಒಂದು ಗ್ಯಾರೇಜಿನವರು ಕಂಟ್ರೋಲ್ ಯೂನಿಟ್ಟೇ ಹೋಗಿದೆ ಅಂದು ಲಕ್ಷದ ಮೇಲೆ ಲೆಕ್ಕ ಹೇಳಿದರು. ಶಿವಮೊಗ್ಗದ ಎಲೆಕ್ಟ್ರಿಷಿಯನ್ ಒಬ್ಬರು ಅರ್ಧ ದಿನ ಕೂತು ಹುಡುಕಿ, "ಗೌಡ್ರೆ, ಇಲ್ಲಿ ನೋಡಿ" ಅಂತ ಕಡಿದ ವೈರು ತೋರಿಸಿದರು. ಎರಡು ಸಾವಿರದಲ್ಲಿ ಮುಗಿಯಿತು. ಅವತ್ತಿನಿಂದ ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುತ್ತೇನೆ, ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ. ವೈಪರಿನ ಕೆಳಗಿನ ನೀರಿನ ದಾರಿಯಲ್ಲಿ ತರಗೆಲೆ ಕಟ್ಟಿಕೊಂಡರೆ ನೀರು ಒಳಗಿಳಿಯುತ್ತದೆ, ಜೂನ್‌ಗೆ ಮೊದಲು ಅದನ್ನು ಕ್ಲೀನ್ ಮಾಡಿಸಲೇಬೇಕು. ಚರ್ಮದ ಸೀಟಿಗೆ ಬೂಷ್ಟು ಹಿಡಿಯದಂತೆ ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ಎಸಿ ಹಾಕಿ ಓಡಿಸುತ್ತೇನೆ.

ಮೈಲೇಜ್ ಹೆದ್ದಾರಿಯಲ್ಲಿ 12ರ ಹತ್ತಿರ, ಘಾಟಿಯಲ್ಲಿ 8. ವರ್ಷಕ್ಕೆ ಸರಾಸರಿ ಒಂದೂವರೆ ಲಕ್ಷ ರಿಪೇರಿಗೇ ತೆಗೆದಿಡುತ್ತೇನೆ. ಆ ದುಡ್ಡು ಪ್ರತ್ಯೇಕ ಇಲ್ಲದವರು ಈ ಗಾಡಿಗೆ ಕೈಹಾಕಬಾರದು ಅಂತ ನನ್ನ ಖಂಡಿತ ಅಭಿಪ್ರಾಯ.

ನನ್ನದಕ್ಕೆ 2026ರಲ್ಲಿ ಹದಿನೈದು ವರ್ಷ ತುಂಬುತ್ತದೆ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಮಾಡಿಸಿ, ಹಸಿರು ತೆರಿಗೆ ಕಟ್ಟಿ ಇಟ್ಟುಕೊಳ್ಳುವುದು ಅಂತ ತೀರ್ಮಾನಿಸಿದ್ದೇನೆ. ಇವತ್ತು ಹೊಸದಾಗಿ ಹುಡುಕುವವರು 2011ರದ್ದಕ್ಕಿಂತ 2013ರದ್ದನ್ನೇ ನೋಡಿ, ಎರಡು ವರ್ಷ ಹೆಚ್ಚು ಸಿಗುತ್ತದೆ. ಬಜೆಟ್ ಇದ್ದರೆ ನಂತರದ ಡಬ್ಲ್ಯು222ನಲ್ಲೂ 2017ರ ಫೇಸ್‌ಲಿಫ್ಟ್ ಆದಮೇಲಿನದ್ದು.